ಇಬ್ಬರೂ ಅರ್ಜಿದಾರರು...

ಮದುವೆಗೆ ಎಷ್ಟು ಖರ್ಚಾಯ್ತು ಅಂತ ನಮ್ಮ ಸುಳ್ಯ ಕಡೆ ಯಾರನ್ನಾದರೂ ಕೇಳಿ, ಹಾಲಿನ ಬಾಡಿಗೆಯಿಂದ ಹಿಡಿದು ಹೋಳಿಗೆಯ ಲೆಕ್ಕದವರೆಗೆ ಬಾಯಿಪಾಠ ಹೇಳುತ್ತಾರೆ. ಡೈವೋರ್ಸಿಗೆ ಎಷ್ಟಾಯ್ತು ಅಂತ ಕೇಳಿದರೆ ಮಾತ್ರ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ನನ್ನದಕ್ಕೆ 4,180 ರೂಪಾಯಿ ಆಯಿತು. ನನ್ನೊಬ್ಬಳದ್ದಲ್ಲ, ಇಬ್ಬರದ್ದೂ ಸೇರಿ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಆಟೋದವರಿಗೆ ಮತ್ತು ಊರಿನ ಬಸ್ಸಿಗೆ ಹೋದದ್ದು :)

ಕಳೆದ ಎರಡು ತಿಂಗಳಲ್ಲಿ ಮೂರು ಜನ ಫೋನ್ ಮಾಡಿ ಇದನ್ನೇ ಕೇಳಿದರು. ಒಬ್ಬಳು ಕಾಲೇಜಿನ ಜೂನಿಯರ್, ಒಬ್ಬ ಹಳೇ ಸಹೋದ್ಯೋಗಿ, ಇನ್ನೊಬ್ಬರು ಯಾರು ಅಂತ ಹೇಳಿದರೆ ಬೆಳ್ಳಾರೆಯವರಿಗೆಲ್ಲ ಗೊತ್ತಾಗಿಬಿಡುತ್ತದೆ. ಮೂವರೂ ಧ್ವನಿ ತಗ್ಗಿಸಿಯೇ ಮಾತಾಡಿದ್ದು. ಹೇಳಿದ್ದನ್ನೇ ಹೇಳಿ ಸಾಕಾಯ್ತು, ಹಾಗಾಗಿ ಒಮ್ಮೆ ಕೂತು ಬರೆದುಬಿಡುವ ಅಂತ.

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆ ಅಲ್ಲ. ಸುಳ್ಯದಲ್ಲೇ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಏಳು ವರ್ಷದಿಂದ ಜಾವಾ ಬರೆಯುತ್ತಿರುವವಳು. ಡಾಕ್ಯುಮೆಂಟೇಶನ್ ಓದುವ ತಾಳ್ಮೆ ಒಂದು ಇದೆ, ಅಷ್ಟೇ. ಆಮೇಲೆ ಗೊತ್ತಾಯ್ತು, ಕಾಯಿದೆಯೂ ಒಂಥರಾ ಡಾಕ್ಯುಮೆಂಟೇಶನ್ನೇ. ನಾನು ದಿನಾ ಓದುವ ಕೆಲವಕ್ಕಿಂತ ಚೆನ್ನಾಗಿಯೇ ಬರೆದಿದ್ದಾರೆ.

ನಮ್ಮ ಮದುವೆ ಆದದ್ದು 2022ರ ಏಪ್ರಿಲ್‌ನಲ್ಲಿ, ಸುಳ್ಯದಲ್ಲಿ. ಬೇರೆ ಬೇರೆ ಮನೆಯಲ್ಲಿ ಇರಲು ಶುರು ಮಾಡಿದ್ದು 2023ರ ಜೂನ್‌ನಲ್ಲಿ. ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ. ಕೋಪಕ್ಕಲ್ಲ, ಅದು ನಮ್ಮಿಬ್ಬರ ವಿಷಯ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಆದರೆ ನೆಂಟರಿಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುತ್ತದಾ? ಒಂದು ಪ್ರಶ್ನೆಪತ್ರಿಕೆಯೇ ಇತ್ತು.

"ಕುಡೀತಾನಾ?" ಇಲ್ಲ.
"ಕೈ ಮಾಡ್ತಾನಾ?" ಇಲ್ಲ.
"ಬೇರೆ ಯಾರಾದ್ರೂ ಉಂಟಾ?" ಇಲ್ಲ.
"ಮತ್ತೆ ಎಂತ ಮಾರಾಯ್ತಿ ನಿಂಗೆ?"

ಈ ನಾಲ್ಕನೇ ಪ್ರಶ್ನೆಗೆ ನನ್ನ ಹತ್ತಿರ ಚಿಕ್ಕ ಉತ್ತರ ಇರಲಿಲ್ಲ. ಕೆಟ್ಟವನಲ್ಲದ ಗಂಡನನ್ನು ಬಿಡುವವಳು ಖಂಡಿತ ಕೆಟ್ಟವಳಿರಬೇಕು ಎನ್ನುವ ಲೆಕ್ಕ ಅವರದ್ದು. ಅವನ ಮನೆಯಲ್ಲೂ ಇದೇ ಪ್ರಶ್ನೆಗಳು ತಿರುಗಮುರುಗ ನಡೆಯುತ್ತಿದ್ದವಂತೆ. ಅವಳು ಅಡುಗೆ ಮಾಡ್ತಾಳಾ, ಅತ್ತೆ ಮಾವನಿಗೆ ಎದುರು ಮಾತಾಡ್ತಾಳಾ, ಇತ್ಯಾದಿ ಇತ್ಯಾದಿ.

ಅಪ್ಪ ಇದ್ಯಾವುದನ್ನೂ ಕೇಳಲಿಲ್ಲ. ಅಪ್ಪನ ತಲೆಯಲ್ಲಿ ಓಡುತ್ತಿದ್ದದ್ದು ದುಡ್ಡು. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಬಂದು ಏನಾಗಿದೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮದೂ ಅದೇ ಸಾಲಿನ ತೋಟ. ನನ್ನ ಮದುವೆಗೆ ಅಂತ ಸೊಸೈಟಿಯಲ್ಲಿ ಮಾಡಿದ ಸಾಲವೇ ಇನ್ನೂ ಬಾಕಿ ಇತ್ತು. ತಂಗಿ ಇನ್ನೂ ಓದುತ್ತಿದ್ದಳು. ಅಂಥದ್ದರಲ್ಲಿ ಒಂದು ರಾತ್ರಿ ಊಟ ಮಾಡುವಾಗ ತಲೆ ಎತ್ತದೆ ಹೇಳಿದರು, "ವಕೀಲರಿಗೆ ಎಷ್ಟಾಗ್ತದೆ ಕೇಳು. ಸೊಸೈಟಿಯಲ್ಲಿ ಇನ್ನೊಮ್ಮೆ ಮಾತಾಡ್ತೇನೆ." ನನಗೆ ಸಂಬಳ ಬರುತ್ತದೆ ಅಪ್ಪ ಅಂದೆ. ಮಗಳ ಸಂಬಳದಲ್ಲಿ ಮಗಳ ಡೈವೋರ್ಸ್ ಮಾಡಿಸುವುದು ಅವರಿಗೆ ಒಪ್ಪಿಗೆಯಾಗುವ ಮಾತೇ ಅಲ್ಲ. ಮದುವೆ ಮಾಡಿಸಿದವನು ನಾನು, ಇದನ್ನೂ ನಾನೇ ಮಾಡಿಸಬೇಕು ಅಂತ ಕೂತುಬಿಟ್ಟರು. ಆ ರಾತ್ರಿಯೇ ನಾನು ತೀರ್ಮಾನ ಮಾಡಿದ್ದು, ಅಪ್ಪ ಸೊಸೈಟಿಯ ಮೆಟ್ಟಿಲು ಹತ್ತದ ಹಾಗೆ ಇದು ಮುಗಿಯಬೇಕು ಅಂತ.

ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಹೇಳಿದ ವಕೀಲರನ್ನು ನೋಡಿದೆ. ಅದು 2024ರ ಅಕ್ಟೋಬರ್. ಒಂದೂವರೆ ಲಕ್ಷ ಅಂದರು. ಅವನ ಕಡೆಗೆ ಬೇರೆ ವಕೀಲರು ಬೇಕು, ಅವರ ಫೀಸು ಬೇರೆ. ಹೋಗಲಿ ಅಂದರೆ, ಆಮೇಲೆ ಕೇಳಿದ್ದು ನೋಡಿ: "ಅವರ ಮೇಲೆ ಹಾಕೋಕೆ ಏನಾದ್ರೂ ಇದೆಯಾ ಮೇಡಂ? ಒಂದು ಕಂಪ್ಲೇಂಟ್ ಕೊಟ್ರೆ ಸೆಟ್ಲ್‌ಮೆಂಟ್ ಬೇಗ ಆಗುತ್ತೆ."

ವರದಕ್ಷಿಣೆ ಕಿರುಕುಳದ ಕೇಸು ಅವರ ಮಾತಿನ ಅರ್ಥ. ಮೊದಲು ಭಾರತೀಯ ದಂಡ ಸಂಹಿತೆಯ 498ಎ ಅಂತ ಇದ್ದದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿದೆ. ನನ್ನ ಜೊತೆ ಹಾಸ್ಟೆಲ್‌ನಲ್ಲಿದ್ದ ಒಬ್ಬಳಿಗೆ ಆ ಸೆಕ್ಷನ್ ನಿಜವಾಗಿ ಬೇಕಾಗಿತ್ತು. ಅವಳ ಕೈಯ ಮೇಲಿದ್ದ ಕಲೆ ನಾನು ನೋಡಿದ್ದೇನೆ. ಅದನ್ನು ನಾನು ಚೌಕಾಶಿಗೆ ಬಳಸುವುದಾ? ಯೋಚನೆ ಮಾಡಿ ಹೇಳ್ತೇನೆ ಅಂತ ಎದ್ದು ಬಂದೆ. ಸಲಹೆಗೆ ಸಾವಿರದ ಐನೂರು ಕೊಟ್ಟದ್ದು. (ಇದು ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಇದನ್ನು ನಾನು ಬೇರೆ ಕಾಲಂನಲ್ಲಿ ಬರೆದಿಟ್ಟಿದ್ದೇನೆ.)

ಆ ವಾರಾಂತ್ಯ ಕೂತು ಹಿಂದೂ ವಿವಾಹ ಕಾಯಿದೆ ಓದಿದೆ. 1955ರ ಕಾಯಿದೆ, ಇಂಡಿಯಾ ಕೋಡ್ ಎನ್ನುವ ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಮಗೆ ಬೇಕಾದದ್ದು 13ಬಿ ಸೆಕ್ಷನ್, ಪರಸ್ಪರ ಒಪ್ಪಿಗೆಯ ವಿಚ್ಛೇದನ. ಇದು ಮೂಲ ಕಾಯಿದೆಯಲ್ಲಿ ಇರಲಿಲ್ಲ, 1976ರ ತಿದ್ದುಪಡಿಯಲ್ಲಿ ಬಂದದ್ದು. ರಿಜಿಸ್ಟರ್ ಮದುವೆಯವರಿಗಾಗಿ ಇರುವ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಮಾತ್ರ ಮೊದಲಿನಿಂದಲೂ ಇತ್ತು. ಕ್ರೈಸ್ತರಿಗೆ 2001ರವರೆಗೆ ಕಾಯಬೇಕಾಯಿತು. ಅಂದರೆ 1955ರಿಂದ 1976ರವರೆಗೆ, ಇಪ್ಪತ್ತೊಂದು ವರ್ಷ, ಹಿಂದೂ ಗಂಡ ಹೆಂಡತಿ ಇಬ್ಬರೂ ಒಪ್ಪಿದರೂ ಬೇರೆಯಾಗಲು ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಲೇಬೇಕಿತ್ತು.

13ಬಿ ಓದಿ ನನಗೆ ಒಂಥರಾ ಆಶ್ಚರ್ಯ ಆಯ್ತು. ಅದು ಕೇಳುವುದು ಮೂರೇ ವಿಷಯ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇರೆ ಇದ್ದೀರಾ? ಒಟ್ಟಿಗೆ ಬಾಳಲು ಆಗಲಿಲ್ಲವಾ? ಬಿಡುವುದು ಅಂತ ಇಬ್ಬರೂ ಒಪ್ಪಿದ್ದೀರಾ? ಅಷ್ಟೇ. ಯಾಕೆ ಆಗಲಿಲ್ಲ ಅಂತ ಕೇಳುವುದೇ ಇಲ್ಲ! ಚಿಕ್ಕಮ್ಮ ಕೇಳಿದ್ದರಲ್ಲಿ ಹತ್ತನೇ ಒಂದು ಪಾಲೂ ಪಾರ್ಲಿಮೆಂಟು ಕೇಳಿಲ್ಲ. ಸೋಫಾದಲ್ಲಿ ಕೂತಿದ್ದವಳು ಒಬ್ಬಳೇ ಜೋರಾಗಿ ನಕ್ಕೆ. ಎಷ್ಟೋ ದಿನಗಳ ಮೇಲೆ ನಕ್ಕದ್ದು.

"ಬೇರೆ ಇರುವುದು" ಅಂದರೆ ಬೇರೆ ಮನೆಯಲ್ಲೇ ಅಂತೇನೂ ಇಲ್ಲ. 1991ರಲ್ಲಿ ಸುರೇಷ್ಟಾ ದೇವಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹಾಗೆ, ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೆಯೇ. ಬೆಂಗಳೂರಿನ ಮನೆ ಬಾಡಿಗೆಗೆ ಹೆದರಿ ಒಂದೇ ಫ್ಲ್ಯಾಟಿನಲ್ಲಿ ಎರಡು ರೂಮು ಮಾಡಿಕೊಂಡಿರುವವರಿಗೆ ಇದು ಗೊತ್ತಿರಲಿ.

ಇನ್ನು ಸ್ಟಾಂಪ್ ಪೇಪರ್ ವಿಷಯ. ದೊಡ್ಡಪ್ಪನ ಸಲಹೆ ಅದೇ ಆಗಿತ್ತು: "ಕೋರ್ಟಿಗೆಲ್ಲ ಎಂತಕ್ಕೆ, ನಾಲ್ಕು ಜನ ಹಿರಿಯರ ಎದುರು ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿ ಸೀಲ್ ಹಾಕಿಸಿದ್ರೆ ಆಯ್ತು." ಊರಲ್ಲಿ ಹಾಗೆ ಮಾಡಿಕೊಂಡವರು ಇದ್ದಾರೆ. ಆದರೆ ಅದು ಡೈವೋರ್ಸ್ ಅಲ್ಲ, ಬರೀ ಕಾಗದ. ಸಮುದಾಯದಲ್ಲಿ ಬಿಡುಗಡೆಯ ಸಂಪ್ರದಾಯ ಹಿಂದಿನಿಂದ ಇದ್ದದ್ದೇ ಆದರೆ ಕಾಯಿದೆಯ 29ನೇ ಸೆಕ್ಷನ್ ಅದನ್ನು ಉಳಿಸಿದೆ ನಿಜ, ಆದರೆ ಆ ಸಂಪ್ರದಾಯ ಇತ್ತು ಅಂತ ನಾಳೆ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವರು ನಾವೇ. ಸ್ಟಾಂಪ್ ಪೇಪರ್ ನಂಬಿ ಇನ್ನೊಂದು ಮದುವೆ ಆದರೆ ಆ ಮದುವೆಯೇ ಅಸಿಂಧು ಆಗುವ ಅಪಾಯ ಉಂಟು.

ದೊಡ್ಡಪ್ಪನ ಮಾತಿಗೆ ಒಂದು ಹಿನ್ನೆಲೆಯೂ ಇದೆ, ಸುಮ್ಮನೆ ನಗಬಾರದು. ನಮ್ಮ ಜಿಲ್ಲೆ ಮೊದಲು ಮದ್ರಾಸಿಗೆ ಸೇರಿದ್ದಲ್ವಾ. ಅಲ್ಲಿ 1933ರ ಮರುಮಕ್ಕತ್ತಾಯ ಕಾಯಿದೆಯಲ್ಲಿ ಗಂಡ ಹೆಂಡತಿ ಸೇರಿ ರಿಜಿಸ್ಟರ್ ಮಾಡಿದ ಪತ್ರ ಬರೆದುಕೊಂಡು ಮದುವೆ ಮುಗಿಸಬಹುದಿತ್ತು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಹೆಣ್ಣಿಗೆ ತಾಯಿಮನೆಯ ಹಕ್ಕು ಮದುವೆಯಿಂದ ಹೋಗುತ್ತಲೂ ಇರಲಿಲ್ಲ, ಗಂಡನನ್ನು ಬಿಟ್ಟು ಬಂದರೆ ಆಕಾಶ ಕಳಚಿ ಬೀಳುತ್ತಲೂ ಇರಲಿಲ್ಲ. ಉಳಿದ ಹಿಂದೂಗಳಿಗೆ ಮದ್ರಾಸ್ ಸರ್ಕಾರ 1949ರಲ್ಲೇ ವಿಚ್ಛೇದನದ ಕಾಯಿದೆ ತಂದಿತ್ತು. "ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇರಲೇ ಇಲ್ಲ" ಅನ್ನುವವರು ಯಾವ ಊರಿನ ಸಂಸ್ಕೃತಿಯ ಬಗ್ಗೆ ಮಾತಾಡುತ್ತಾರೋ ನನಗೆ ಗೊತ್ತಾಗುವುದಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಎಲ್ಲಿ ಅರ್ಜಿ ಹಾಕುವುದು? 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಊರಲ್ಲಿ ಹಾಕಬಹುದು, ಕೊನೆಗೆ ಒಟ್ಟಿಗೆ ಇದ್ದ ಊರಲ್ಲಿ ಹಾಕಬಹುದು. 2003ರಿಂದ ಹೆಂಡತಿ ಅರ್ಜಿ ಹಾಕುವುದಾದರೆ ಅವಳು ಈಗ ಇರುವ ಊರಲ್ಲೂ ಆಗುತ್ತದೆ. ನಮಗೆ ಊರೂ ಆಗುತ್ತಿತ್ತು, ಬೆಂಗಳೂರೂ ಆಗುತ್ತಿತ್ತು. ಅಮ್ಮನಿಗೆ ಊರೇ ಆಗಲಿ ಅಂತ ಇತ್ತು, ನಾನು ನಾಲ್ಕು ದಿನ ಮನೆಗೆ ಬಂದ ಹಾಗಾಗುತ್ತದಲ್ಲ. ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: "ಬೇಡ. ಇಲ್ಲಿ ಕೋರ್ಟಿನ ಹೊರಗೆ ಬೊಂಡ ಮಾರುವವನಿಗೂ ನಮ್ಮ ಗುರ್ತ ಉಂಟು."

ಬೆಂಗಳೂರೇ ಆಯ್ತು. ಅದರಿಂದ ಒಂದು ಲಾಭವೂ ಆಯ್ತು. ಅಲ್ಲಿ ಫ್ಯಾಮಿಲಿ ಕೋರ್ಟ್ ಇದೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯ 13ನೇ ಸೆಕ್ಷನ್ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಈ ಕೋರ್ಟಿನಲ್ಲಿ ವಕೀಲರ ಮೂಲಕವೇ ವಾದಿಸುವುದು ಯಾರಿಗೂ ಹಕ್ಕು ಅಲ್ಲ ಅಂತ ಅದು ಹೇಳುತ್ತದೆ. ವಕೀಲರು ಬರುತ್ತಾರೆ, ಕೋರ್ಟು ಬಿಡುತ್ತದೆ, ಅದು ಬೇರೆ ಮಾತು. ಆದರೆ ಕಾಯಿದೆ ಬರೆದವರ ಮನಸ್ಸಿನಲ್ಲಿದ್ದದ್ದು ಗಂಡ ಹೆಂಡತಿಯೇ ಬಂದು ನ್ಯಾಯಾಧೀಶರ ಹತ್ತಿರ ಮಾತಾಡುವ ಜಾಗ. ನಲವತ್ತು ವರ್ಷದಿಂದ ಪುಸ್ತಕದಲ್ಲಿರುವ ಈ ಸಾಲನ್ನು ನನಗೆ ಒಬ್ಬರೂ ಹೇಳಿರಲಿಲ್ಲ.

ಅವನಿಗೆ ಫೋನ್ ಮಾಡಿ ಹೇಳಿದೆ. "ಲಾಯರ್ ಬೇಡ್ವಾ? ಶೂರ್ ಆಗಿ ಹೇಳ್ತಿದ್ದೀಯಾ?" ಅಂದ. ಸೆಕ್ಷನ್ ಕಳಿಸಿದೆ. ಹತ್ತು ನಿಮಿಷ ಬಿಟ್ಟು "ಡ್ರಾಫ್ಟ್ ಶುರು ಮಾಡು, ನಾನು ರಿವ್ಯೂ ಮಾಡ್ತೇನೆ" ಅಂತ ಮೆಸೇಜು. ಅವನೂ ಸಾಫ್ಟ್‌ವೇರ್ ಜನವೇ ಅಂತ ಬೇರೆ ಹೇಳಬೇಕಾಗಿಲ್ಲ :)

ಹಾಗೆ ನಮ್ಮ ವಿಚ್ಛೇದನದ ಅರ್ಜಿ ಗೂಗಲ್ ಡಾಕ್ಸ್‌ನಲ್ಲಿ ತಯಾರಾಯಿತು. ನಾನು ಬರೆಯುವುದು, ಅವನು ಪಕ್ಕದಲ್ಲಿ ಕಮೆಂಟ್ ಹಾಕುವುದು, ನಾನು ತಿದ್ದಿ ರಿಸಾಲ್ವ್ ಮಾಡುವುದು. ಮದುವೆಯಲ್ಲಿ ಒಟ್ಟಿಗಿದ್ದ ಹದಿನಾಲ್ಕು ತಿಂಗಳಲ್ಲಿ ನಾವು ಅಷ್ಟು ಚೆಂದ ಒಟ್ಟಿಗೆ ಕೂತು ಮಾಡಿದ ಕೆಲಸ ಇನ್ನೊಂದಿಲ್ಲ. ಅರ್ಜಿ ಕನ್ನಡದಲ್ಲೇ ಇರಲಿ ಅಂದದ್ದು ನಾನು. ಅದರಲ್ಲೊಂದು ವಿಷಯ ಗಮನಿಸಿದೆ. ಬೇರೆ ಕೇಸುಗಳಲ್ಲಿ ಒಬ್ಬರು ಅರ್ಜಿದಾರರು, ಇನ್ನೊಬ್ಬರು ಎದುರುದಾರರು. ಇಲ್ಲಿ ಎದುರುದಾರರೇ ಇಲ್ಲ. ಒಂದನೇ ಅರ್ಜಿದಾರಳು ನಾನು, ಎರಡನೇ ಅರ್ಜಿದಾರ ಅವನು. ಮದುವೆಯ ಕಾಗದದಲ್ಲಿ ಅವನ ಹೆಸರು ಮೊದಲಿತ್ತು, ಇದರಲ್ಲಿ ನನ್ನದು.

ಅರ್ಜಿಯಲ್ಲಿ ಏನೇನಿತ್ತು ಅಂತ ಮೂವರೂ ಕೇಳಿದ್ದರು. ಮದುವೆಯ ದಿನಾಂಕ, ಜಾಗ, ಕೊನೆಗೆ ಒಟ್ಟಿಗಿದ್ದ ವಿಳಾಸ, ಎಂದಿನಿಂದ ಬೇರೆ ಇದ್ದೇವೆ, ಮಕ್ಕಳಿಲ್ಲ, ಬೇರೆ ಯಾವ ಕೋರ್ಟಿನಲ್ಲೂ ಕೇಸಿಲ್ಲ, ಯಾರ ಒತ್ತಾಯ, ಮೋಸ ಇಲ್ಲದೆ ಒಪ್ಪಿದ್ದೇವೆ. ಜೊತೆಗೆ ಇಬ್ಬರ ಅಫಿಡವಿಟ್ಟು, ಮದುವೆಯ ಫೋಟೋ, ಮದುವೆ ಕಾಗದ, ಆಧಾರ್ ನಕಲು. ಎಲ್ಲ ಸೇರಿ ಅರ್ಜಿ ನಾಲ್ಕು ಪುಟ. ನನ್ನ ಕ್ಲಾಸ್‌ಮೇಟಿನ ಅಕ್ಕ ಪುತ್ತೂರಿನಲ್ಲಿ ವಕೀಲಿಕೆ ಮಾಡುತ್ತಾರೆ, ಅವರಿಗೆ ಒಮ್ಮೆ ಓದಲು ಕೊಟ್ಟೆ. ಒಂದು ಗಂಟೆ ಓದಿ ಎರಡು ಕಡೆ ತಿದ್ದಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ತಿದ್ದಿದ ಒಂದು ಸಾಲು ಮುಖ್ಯವಾದದ್ದು. ನಾವು "ಜೀವನಾಂಶದ ಬಗ್ಗೆ ತಕರಾರಿಲ್ಲ" ಅಂತ ಬರೆದಿದ್ದೆವು. 25ನೇ ಸೆಕ್ಷನ್ ಪ್ರಕಾರ ಡಿಕ್ರಿ ಆದ ಮೇಲೂ ಯಾವಾಗ ಬೇಕಾದರೂ ಜೀವನಾಂಶ ಕೇಳಿ ಅರ್ಜಿ ಹಾಕಬಹುದು, ಇಬ್ಬರಲ್ಲಿ ಯಾರು ಬೇಕಾದರೂ. ಹಾಗಾಗಿ ಈಗಿನದ್ದು, ಮುಂದಿನದ್ದು ಎರಡನ್ನೂ ಇಬ್ಬರೂ ಬಿಟ್ಟುಕೊಟ್ಟಿದ್ದೇವೆ ಅಂತ ಬಿಡಿಸಿ ಬರೆಯಿರಿ, ಮತ್ತೆ ಚಿನ್ನದ ವಿಷಯ ಒಂದೊಂದೇ ಹೆಸರು ಹಾಕಿ ಬರೆಯಿರಿ ಅಂದರು.

ಚಿನ್ನ... ಅದೊಂದೇ ನಮ್ಮಲ್ಲಿ ಸ್ವಲ್ಪ ಕಷ್ಟವಾದದ್ದು.

ಕಾಯಿದೆಯ ಪ್ರಕಾರ ಹುಡುಗಿಗೆ ಹಾಕಿದ ಚಿನ್ನ, ಯಾವ ಕಡೆಯವರೇ ಹಾಕಿರಲಿ, ಅವಳ ಸ್ತ್ರೀಧನ. ಅದು ನನಗೆ ಗೊತ್ತಿತ್ತು. ಆದರೆ ಅವರ ಮನೆಯವರು ನನಗೆ ಹಾಕಿದ ನಾಲ್ಕು ಪವನಿನ ಸರ ಅಂಗಡಿಯದ್ದಲ್ಲ, ಅವನ ಅಜ್ಜಿಯದ್ದು. ಅದನ್ನು ಲಾಕರಿನಲ್ಲಿ ಇಟ್ಟುಕೊಂಡು ನಾನು ಏನು ಮಾಡಲಿ? ನಮ್ಮ ದೊಡ್ಡಪ್ಪ "ಕೊಡಬೇಡ, ಅದು ನಿನ್ನ ಹಕ್ಕು" ಅಂದರು. ಹಕ್ಕು ಹೌದು. ಅದನ್ನೇ ಅರ್ಜಿಯಲ್ಲೂ ಬರೆದೆವು, ಸರ ಒಂದನೇ ಅರ್ಜಿದಾರಳ ಸ್ವತ್ತಾಗಿದ್ದು ಆಕೆ ಸ್ವಂತ ಇಚ್ಛೆಯಿಂದ ಹಿಂತಿರುಗಿಸಿದ್ದಾಳೆ ಅಂತ.

ಡಿಸೆಂಬರಿನಲ್ಲಿ ಒಂದು ಶನಿವಾರ ಊರಿಗೆ ಹೋದವಳು ಅವರ ಮನೆಗೆ ಹೋಗಿ ಬಂದೆ. ಅಮ್ಮ ಬರುತ್ತೇನೆ ಅಂದರು, ಬೇಡ ಅಂದೆ. ಮಾವ ತೋಟಕ್ಕೆ ಹೋಗಿದ್ದರು, ಬೇಕಂತಲೇ ಇರಬೇಕು. ಅತ್ತೆ ಒಬ್ಬರೇ ಇದ್ದರು. ಕೈಕಾಲು ತೊಳೆಯಲು ನೀರು ಕೊಟ್ಟರು, ಬೆಲ್ಲ ನೀರು ಕೊಟ್ಟರು, ಹೊಸಬರಿಗೆ ಕೊಟ್ಟ ಹಾಗೆ. ಸರ ತೆಗೆದು ಮೇಜಿನ ಮೇಲೆ ಇಟ್ಟೆ. ಅತ್ತೆ ಅದನ್ನು ಮುಟ್ಟಲಿಲ್ಲ. ಸುಮಾರು ಹೊತ್ತು ಬಿಟ್ಟು, "ಇದರ ಕೊಂಡಿ ಸಡಿಲ ಇತ್ತು, ಸರಿ ಮಾಡಿಸ್ಬೇಕು ಅಂತ ಇದ್ದೆ ನಿಂಗೆ" ಅಂದರು. ನಾನು ಬೆಂಗಳೂರಲ್ಲಿ ಸರಿ ಮಾಡಿಸಿದ್ದೇನೆ ಅತ್ತೆ ಅಂದೆ. ಹೌದಾ ಅಂತ ಕೈಗೆ ತೆಗೆದುಕೊಂಡು ಕೊಂಡಿ ಹಾಕಿ ತೆಗೆದು ನೋಡಿದರು. ಆಮೇಲೆ ಊಟ ಮಾಡಿ ಹೋಗು ಅಂದರು. ಊಟ ಮಾಡಿಯೇ ಬಂದೆ. ಬರುವಾಗ ಹಲಸಿನ ಹಪ್ಪಳದ ಕಟ್ಟು ಕೊಟ್ಟರು. ಬಸ್ಸಿನಲ್ಲಿ ಜಾಲ್ಸೂರು ದಾಟುವವರೆಗೂ ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ.

ಅರ್ಜಿ ಹಾಕಿದ್ದು 2025ರ ಜನವರಿಯಲ್ಲಿ. ಇದಕ್ಕೂ ಒಂದು ಲೆಕ್ಕ ಇತ್ತು. 13ಬಿ ಪ್ರಕಾರ ಅರ್ಜಿ ಹಾಕಿ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು "ಹೌದು, ಬೇಕು" ಅನ್ನಬೇಕು. ಮನಸ್ಸು ಬದಲಾಗಲಿ ಅಂತ ಕೊಟ್ಟ ಸಮಯ. ಆದರೆ 2017ರ ಸೆಪ್ಟೆಂಬರ್ 12ರಂದು ಅಮರದೀಪ್ ಸಿಂಗ್ ಮತ್ತು ಹರ್ವೀನ್ ಕೌರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಆರು ತಿಂಗಳು ಕಡ್ಡಾಯ ಅಲ್ಲ ಅಂದಿತು. ಅವರು 1994ರಲ್ಲಿ ಮದುವೆಯಾಗಿ 2008ರಿಂದ ಬೇರೆ ಇದ್ದವರು. ಇನ್ನೂ ಆರು ತಿಂಗಳು ಕಾದು ಅವರಿಗೆ ಹೊಸತಾಗಿ ಏನು ಹೊಳೆಯಬೇಕು ಹೇಳಿ? ಕೋರ್ಟು ಹಾಕಿದ ಷರತ್ತು ಇಷ್ಟು: ಅರ್ಜಿ ಹಾಕುವ ಮೊದಲೇ ಒಂದು ವರ್ಷ ಮತ್ತು ಆರು ತಿಂಗಳು ಎರಡೂ ಕಳೆದಿರಬೇಕು, ಒಂದು ಮಾಡುವ ಪ್ರಯತ್ನ ಸೋತಿರಬೇಕು, ಜೀವನಾಂಶ, ಮಕ್ಕಳು ಇತ್ಯಾದಿ ಎಲ್ಲ ನಿಜವಾಗಿ ತೀರ್ಮಾನ ಆಗಿರಬೇಕು, ಕಾಯುವುದರಿಂದ ಸಂಕಟ ಉದ್ದವಾಗುವುದು ಬಿಟ್ಟು ಬೇರೇನೂ ಆಗದಂತಿರಬೇಕು. ಅರ್ಜಿ ಹಾಕಿ ಒಂದು ವಾರಕ್ಕೇ ಈ ವಿನಾಯಿತಿ ಕೇಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಅದೇ ತೀರ್ಪಿನಲ್ಲಿ ಇನ್ನೊಂದು ಒಳ್ಳೆಯ ಮಾತಿದೆ, ವಿದೇಶದಲ್ಲಿರುವವರು ಓದಬೇಕಾದದ್ದು: ಸರಿಯಾದ ಕಾರಣ ಇದ್ದರೆ ವಿಡಿಯೋ ಮೂಲಕ ಹಾಜರಾಗಬಹುದು, ಅಪ್ಪ ಅಮ್ಮ ಅಥವಾ ಒಡಹುಟ್ಟಿದವರು ಪರವಾಗಿ ಬರಲೂ ಕೋರ್ಟು ಬಿಡಬಹುದು.

2023ರ ಜೂನ್‌ನಿಂದ 2025ರ ಜನವರಿಗೆ ಹತ್ತೊಂಬತ್ತು ತಿಂಗಳು. ಅದಕ್ಕೇ ಜನವರಿ. ಮೊದಲು ಕಾದರೆ ಮನೆಯಲ್ಲಿ ಕಾಯುವುದು, ಆಮೇಲೆ ಕಾದರೆ ಕೋರ್ಟಿನಲ್ಲಿ ಕಾಯುವುದು, ವ್ಯತ್ಯಾಸ ಅಷ್ಟೇ.

ಕೌಂಟರಿನಲ್ಲಿ ಕೋರ್ಟ್ ಫೀಸಿನ ಮೊತ್ತ ಕೇಳಿ ತಪ್ಪು ಕೇಳಿಸಿಕೊಂಡೆನಾ ಅಂತ ಇನ್ನೊಮ್ಮೆ ಕೇಳಿದೆ, ಅಷ್ಟು ಚಿಕ್ಕದು. ಎಲ್ಲ ಸಲೀಸಾಗಿ ಆಯ್ತು ಅಂತ ಹೇಳಲ್ಲ. ಪುಟದ ಅಂಚು ಸಾಲದು ಅಂತ ಒಮ್ಮೆ, ಸೂಚಿ ಇಲ್ಲ ಅಂತ ಒಮ್ಮೆ ವಾಪಸ್ ಬಂದೆವು. ವಕೀಲರಾಗಿದ್ದರೆ ಅವರ ಗುಮಾಸ್ತರು ಅರ್ಧ ಗಂಟೆಯಲ್ಲಿ ಮಾಡುವ ಕೆಲಸಕ್ಕೆ ನಮಗೆ ಎರಡು ದಿನ ರಜೆ ಹೋಯಿತು. ಅದನ್ನು ಖರ್ಚು ಅಂತ ಲೆಕ್ಕ ಹಾಕುವವರು ಹಾಕಿಕೊಳ್ಳಿ. ಕೇಸಿಗೆ ಒಂದು ಸಿಎನ್‌ಆರ್ ನಂಬರ್ ಸಿಗುತ್ತದೆ, ಹದಿನಾರು ಅಕ್ಷರ ಅಂಕೆಗಳದ್ದು. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ನಮ್ಮ ಆಫೀಸಿನ ಟಿಕೆಟ್ ನೋಡುವ ಹಾಗೆ ದಿನಕ್ಕೆ ಮೂರು ಸಲ ನೋಡುತ್ತಿದ್ದೆ.

ಮೊದಲ ದಿನ ಮಧ್ಯಸ್ಥಿಕೆಗೆ ಕಳಿಸಿದರು. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ, ಅದಕ್ಕೆ ಫೀಸಿಲ್ಲ. ಮಧ್ಯಸ್ಥಗಾರರಾಗಿ ಕೂತಿದ್ದ ಹಿರಿಯರು ಮೊದಲು ಇಬ್ಬರನ್ನೂ, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರು. ನನ್ನ ಹತ್ತಿರ, "ಸಿಟ್ಟಲ್ಲಿ ಬಂದವರನ್ನ ಒಂದು ಮಾಡಿದ್ದೀನಮ್ಮ. ನೀವಿಬ್ಬರೂ ಸಿಟ್ಟೇ ಮಾಡ್ಕೊಂಡಿಲ್ಲ, ನಿಮಗೇನು ಹೇಳ್ಲಿ" ಅಂದರು. ಆಗ ಮಾತ್ರ ನನಗೆ ಅಳು ಬಂತು. ಅಷ್ಟು ಹೊತ್ತಿನಲ್ಲಿ ನಮ್ಮನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಆ ಒಂದು ವಾರ ನಾನು ನಿದ್ದೆ ಮಾಡಿಲ್ಲ. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಹಿತೇಶ್ ಭಟ್ನಾಗರ್ ಕೇಸಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗೆ ಆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಫೆಬ್ರವರಿಯಲ್ಲಿ ಅವನ ಕಡೆಯ ಹಿರಿಯರೊಬ್ಬರು "ಸಹಿ ವಾಪಸ್ ತಗೋ, ಮದುವೆ ಖರ್ಚಿನಲ್ಲಿ ಅರ್ಧ ಅವರು ಕೊಡ್ಲಿ, ಆಮೇಲೆ ನೋಡುವ" ಅಂತ ಅವನ ಮೇಲೆ ಕೂತಿದ್ದಾರೆ ಅಂತ ಸುದ್ದಿ ಬಂತು. ಸುದ್ದಿ ನನಗಿಂತ ಮೊದಲು ಅಪ್ಪನಿಗೆ ತಲುಪಿತ್ತು. ಅಪ್ಪ ಫೋನ್ ಮಾಡಿ "ಸೊಸೈಟಿಯವರ ಹತ್ತಿರ ಒಂದು ಮಾತು ಹೇಳಿ ಇಡ್ಲಾ?" ಅಂದರು. ಬೇಡ ಅಪ್ಪ ಅಂದೆ. ಅವನಿಗೆ ಮೆಸೇಜ್ ಹಾಕಿದೆ. ಓದಿದ್ದಾನೆ, ಉತ್ತರ ಇಲ್ಲ. ಒಂದು ದಿನ, ಎರಡು ದಿನ, ಐದು ದಿನ... ಹಳೇ ಮೆಸೇಜುಗಳನ್ನೆಲ್ಲ ಓದಿದೆ. ಬೇರೆ ವಕೀಲರ ನಂಬರ್ ಹುಡುಕಿ ಇಟ್ಟುಕೊಂಡೆ. ಆರನೇ ದಿನ ರಾತ್ರಿ ಹನ್ನೊಂದೂವರೆಗೆ ಉತ್ತರ ಬಂತು: "ದೊಡ್ಡಪ್ಪನ ಹತ್ತಿರ ಇವತ್ತು ಮಾತಾಡಿ ಮುಗಿಸಿದೆ. ಅದಕ್ಕೆ ಮೊದಲು ನಿನಗೆ ಏನು ಹೇಳುವುದು ಗೊತ್ತಾಗಲಿಲ್ಲ. ಮಲಗು."

ಮಾರ್ಚ್ ಕೊನೆಯ ವಾರ ಡಿಕ್ರಿ ಆಯಿತು. ಮುಚ್ಚಿದ ಕೋಣೆಯಲ್ಲಿ, ಹೆಚ್ಚೆಂದರೆ ಹನ್ನೆರಡು ನಿಮಿಷ. ನ್ಯಾಯಾಧೀಶರು ಕನ್ನಡದಲ್ಲೇ ಕೇಳಿದರು. ಯಾರಾದರೂ ಒತ್ತಾಯ ಮಾಡಿದ್ದಾರಾ? ಬರೆದದ್ದನ್ನು ಓದಿ ಸಹಿ ಮಾಡಿದ್ದೀರಾ? ಜೀವನಾಂಶ ಬೇಡ ಅಂದರೆ ಮುಂದೆಯೂ ಸಿಗುವುದಿಲ್ಲ, ಗೊತ್ತಾ? ಅರ್ಜಿ ಯಾರು ಬರೆದದ್ದು 'ಇಷ್ಟು ಚೆನ್ನಾಗಿ' ಅಂತ ಒಂದು ಮಾತು ಕೇಳುತ್ತಾರೇನೋ ಅಂತ ಕಾದಿದ್ದೆ, ಕೇಳಲಿಲ್ಲ :) ಹೊರಗೆ ಬಂದು ಇಬ್ಬರೂ ಗೇಟಿನ ಹತ್ತಿರ ನಿಂತೆವು. ಎಂಟಿಆರ್ ಅಲ್ಲೇ ಹತ್ತಿರ, ಕಾಫಿ ಕುಡಿಯುವುದಾ ಅಂತ ಹೋದರೆ ಹೊರಗೆ ದೊಡ್ಡ ಕ್ಯೂ. ಅವನಿಗೆ ಎರಡು ಗಂಟೆಗೆ ವೈಟ್‌ಫೀಲ್ಡಿನಲ್ಲಿ ಮೀಟಿಂಗ್. ಸರಿ ಹಾಗಾದ್ರೆ ಅಂದ, ಸರಿ ಅಂದೆ.

ಅಪ್ಪನಿಗೆ ಫೋನ್ ಮಾಡಿ ಆಯ್ತು ಅಂದೆ. "ಎಷ್ಟಾಯ್ತು?" ಅಂತ ಕೇಳಿದರು. ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಲ್ಬಮ್ಮಿನವನಿಗೆ ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ಕೊಟ್ಟಿದ್ದೆ ನಾನು" ಅಂದರು.

ಇದನ್ನು ಓದಿ ಎಲ್ಲರೂ ವಕೀಲರನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ನಮಗೆ ಮಕ್ಕಳಿರಲಿಲ್ಲ, ಇಬ್ಬರ ಹೆಸರಲ್ಲಿ ಜಾಗ ಇರಲಿಲ್ಲ, ಇಬ್ಬರಿಗೂ ಸಂಬಳ ಇತ್ತು, ಇಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ಭಯ ಇರಲಿಲ್ಲ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ವಕೀಲರು ಬೇಕು. ಹೊಡೆತ ಬಡಿತ ಇರುವ ಮನೆಯಲ್ಲಿ "ಪರಸ್ಪರ ಒಪ್ಪಿಗೆ" ಎನ್ನುವ ಮಾತಿಗೇ ಅರ್ಥ ಇಲ್ಲ. ಮತ್ತೆ ವಕೀಲರು ಬೇಕು ಅಂದ ಕೂಡಲೇ ಲಕ್ಷ ಬೇಕು ಅಂತಲೂ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿ ನೋಡುವುದಿಲ್ಲ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ವಿಚಾರಿಸಿದರೆ ಸಿಗುತ್ತದೆ. ಅಲ್ಲಿಗೆ ಹೋಗಲು ಸಂಕೋಚ ಆದರೆ 15100 ನಂಬರಿಗೆ ಫೋನ್ ಮಾಡಬಹುದು. ಬೆಳ್ಳಾರೆಯಿಂದ ಫೋನ್ ಮಾಡಿದವರಿಗೆ ನಾನು ಕೊಟ್ಟದ್ದು ಆ ನಂಬರನ್ನೇ, ನನ್ನ ಗೂಗಲ್ ಡಾಕ್ಸನ್ನು ಅಲ್ಲ.

ಕೊನೆಯದಾಗಿ, ಡಿಕ್ರಿಯ ದೃಢೀಕೃತ ಪ್ರತಿ ತೆಗೆಸುವಾಗ ಒಂದು ಸಾಲದು, ಮೂರು ತೆಗೆಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ತೆಗೆಸಲು ಒಂದು ಬೇಕಾಗುತ್ತದೆ, ಇನ್ಶೂರೆನ್ಸಿನವರು ಒಂದು ಕೇಳಬಹುದು. ಪಿಎಫ್ ನಾಮಿನಿ ಬದಲಾಯಿಸಲು ಮರೆಯಬೇಡಿ, ಅದನ್ನು ಆನ್‌ಲೈನಿನಲ್ಲೇ ಮಾಡಬಹುದು. ಮೂರನೇ ಪ್ರತಿ ನಮ್ಮ ಮನೆಯಲ್ಲಿ ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ತೋಟದ ಆರ್‌ಟಿಸಿ ಮತ್ತು ಸೊಸೈಟಿಯ ರಶೀದಿಗಳ ಜೊತೆ.